ನಡುಗುವ ಕೈಯನ್ನು ಅಳೆದ ಬಗೆ

ವಿದ್ಯಾರ್ಥಿಗಳೇ, ಮನೆಯ ಹಿರಿಯರ ಕೈ ನಡುಗಿದರೆ ‘ವಯಸ್ಸಾಯಿತು’ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ನಡುಕದಲ್ಲಿ ಹಲವು ಬಗೆಗಳಿವೆ. ಅವುಗಳನ್ನು ಬೇರ್ಪಡಿಸಿ ಅಳೆಯಲು ಕಲಿತ ಕಥೆ ಇನ್ನೂರು ವರ್ಷಗಳದು.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಮಂದಿ ರೋಗಿಗಳನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದರು. ಅವರಲ್ಲಿ ಕೆಲವರನ್ನು ಅವರು ಕಂಡದ್ದು ಬೀದಿಯಲ್ಲಿ. ಕಣ್ಣೇ ಅವರ ಅಳತೆಗೋಲು. ಮುಂದೆ ಪ್ಯಾರಿಸ್ಸಿನ ಷಾರ್ಕೊ ಅವರು ನಾಡಿಬಡಿತವನ್ನು ದಾಖಲಿಸುವ ಉಪಕರಣದಿಂದಲೇ ನಡುಕವನ್ನು ಕಾಗದದ ಮೇಲೆ ಗೆರೆಯಾಗಿ ಮೂಡಿಸಿದರು. ಕೈ ಸುಮ್ಮನಿದ್ದಾಗ ಬರುವ ನಡುಕವೇ ಬೇರೆ, ಲೋಟ ಎತ್ತುವಾಗ ಬರುವ ನಡುಕವೇ ಬೇರೆ ಎಂದು ತೋರಿಸಿದರು. ರೋಗಕ್ಕೆ ಪಾರ್ಕಿನ್ಸನ್ನರ ಹೆಸರಿಟ್ಟವರೂ ಅವರೇ.

ಮಿದುಳಿನಲ್ಲಿ ಡೋಪಮೈನ್ ತಯಾರಿಸುವ ಜೀವಕೋಶಗಳು ನಶಿಸುವುದರಿಂದ ಈ ರೋಗ ಬರುತ್ತದೆ. ಕೊರತೆಯನ್ನು ತುಂಬುವ ಔಷಧಿ ಲೆವೊಡೋಪ. ನಮ್ಮ ಬೇಲಿಗಳಲ್ಲಿ ಬೆಳೆಯುವ, ಮುಟ್ಟಿದರೆ ತುರಿಸುವ ನಸುಗುನ್ನಿಯ ಬೀಜದಲ್ಲಿ ಇದೇ ವಸ್ತುವಿದೆಯೆಂದು 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಕಂಡುಕೊಂಡಿದ್ದರು. (ಬೀಜವನ್ನು ತಾವಾಗಿಯೇ ತಿನ್ನುವುದು ಚಿಕಿತ್ಸೆಯಲ್ಲ, ನೆನಪಿರಲಿ.) 1960ರ ದಶಕದಲ್ಲಿ ಈ ಔಷಧಿ ಬಳಕೆಗೆ ಬಂದಾಗ ಹೊಸ ಪ್ರಶ್ನೆ ಎದ್ದಿತು: ಎಷ್ಟು ಕೊಡಬೇಕು? ಗುಣ ಕಂಡಿದೆಯೆಂದು ಹೇಳುವುದು ಹೇಗೆ?

ಆಗ ಅಳತೆಪಟ್ಟಿಗಳು ಬಂದವು. 1987ರ ಏಕೀಕೃತ ಪಟ್ಟಿಯನ್ನು 2008ರಲ್ಲಿ ಪರಿಷ್ಕರಿಸಲಾಯಿತು. ಹೆಬ್ಬೆರಳಿಗೆ ತೋರುಬೆರಳನ್ನು ಬೇಗಬೇಗನೆ, ಅಗಲವಾಗಿ ತೆರೆಯುತ್ತ ಹತ್ತು ಸಲ ತಾಗಿಸಬೇಕು. ಆರೋಗ್ಯವಂತರ ಬೆರಳು ಕೊನೆಯವರೆಗೂ ಅಗಲವಾಗಿ ತೆರೆಯುತ್ತದೆ; ರೋಗಿಯ ಬೆರಳಿನ ಚಲನೆ ಬರಬರುತ್ತ ಕಿರಿದಾಗುತ್ತದೆ, ನಡುವೆ ತಡೆಯುತ್ತದೆ. ಇದಕ್ಕೆ 0ಯಿಂದ 4ರವರೆಗೆ ಅಂಕ. ಎರಡು ಕೈಗಳನ್ನೂ ಪ್ರತ್ಯೇಕವಾಗಿ ನೋಡುತ್ತಾರೆ, ಏಕೆಂದರೆ ರೋಗ ಸಾಮಾನ್ಯವಾಗಿ ಒಂದೇ ಕಡೆಯಿಂದ ತೊಡಗುತ್ತದೆ.

ಆದರೆ ವೈದ್ಯರು ನೋಡುವುದು ಕೆಲವು ನಿಮಿಷ ಮಾತ್ರ. ಔಷಧಿಯ ಪರಿಣಾಮವೋ ದಿನವಿಡೀ ಏರಿಳಿಯುತ್ತದೆ. ಆದ್ದರಿಂದ ಮಣಿಕಟ್ಟಿಗೆ ಕಟ್ಟುವ ವೇಗೋತ್ಕರ್ಷಮಾಪಕಗಳು ಬಂದವು. ಸೆಕೆಂಡಿಗೆ 4ರಿಂದ 6 ಸಲ ಬರುವ ಈ ನಡುಕವನ್ನು ಅವು ಮನೆಯಲ್ಲಿಯೇ ಎಣಿಸಬಲ್ಲವು.

ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ನಗರ ಮತ್ತು ಗ್ರಾಮಾಂತರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ ನಡೆಸಿ 2004ರಲ್ಲಿ ಪ್ರಕಟಿಸಿದರು. ಒಟ್ಟು ನರರೋಗಗಳ ಪ್ರಮಾಣ ನಗರಕ್ಕಿಂತ ಹಳ್ಳಿಗಳಲ್ಲಿ ಸುಮಾರು ಇಮ್ಮಡಿ! ನರರೋಗ ತಜ್ಞರು ಹೆಚ್ಚಾಗಿ ಇರುವುದು ಮಾತ್ರ ನಗರಗಳಲ್ಲಿ.

ಇಲ್ಲಿಯೇ ನಿಮ್ಮ ಪಾತ್ರವಿದೆ. ಸಂತೇಬೆನ್ನೂರು, ಚನ್ನಗಿರಿಯ ಕಡೆ ಅಡಿಕೆ ಸುಲಿಯುವ ಕೈಗಳನ್ನು ನೀವು ನೋಡಿದ್ದೀರಿ. ಅಜ್ಜಿಯ ಒಂದು ಕೈ ನಿಧಾನವಾಯಿತೇ? ಅಜ್ಜನ ಅಕ್ಷರ ಸಾಲಿನ ಕೊನೆಗೆ ಸಣ್ಣದಾಯಿತೇ? ನಡೆಯುವಾಗ ಒಂದು ತೋಳು ಬೀಸುವುದಿಲ್ಲವೇ? ರೋಗವನ್ನು ನಿರ್ಧರಿಸುವುದು ವೈದ್ಯರ ಕೆಲಸ. ಗಮನಿಸಿ ಅವರ ಬಳಿಗೆ ಕರೆದೊಯ್ಯುವುದು ನಿಮ್ಮಿಂದ ಸಾಧ್ಯ.