ಮಕ್ಕಳು ಕೂಡಿ ಕಟ್ಟಿದ ನಾದಕಥೆ

ಶಾಲೆಯ ಸಂಗೀತದ ಅವಧಿ ಎಂದೊಡನೆ ನನ್ನ ನೆನಪಿಗೆ ಬರುವುದು ಒಂದೇ ಚಿತ್ರ. ಗುರುಗಳು ಒಂದು ಸಾಲು ಹಾಡುವರು. ಮಕ್ಕಳೆಲ್ಲ ಅದನ್ನೇ ತಿರುಗಿ ಹಾಡುವರು. ಪ್ರಾರ್ಥನೆಗೆ, ರಾಜ್ಯೋತ್ಸವಕ್ಕೆ ಅಷ್ಟು ಸಾಕಾಗುತ್ತಿತ್ತು. ಮಕ್ಕಳೇ ಸಂಗೀತವನ್ನು ರಚಿಸಬಲ್ಲರೆಂಬುದು ಅಧ್ಯಾಪಕನಾಗಿದ್ದಷ್ಟು ಕಾಲವೂ ನನಗೆ ಹೊಳೆದಿರಲಿಲ್ಲ. ನಿವೃತ್ತಿಯ ಬಿಡುವಿನಲ್ಲಿ ಶಿಕ್ಷಣದ ಚರಿತ್ರೆಯನ್ನು ಓದುವಾಗ, ಇಂಗ್ಲೆಂಡಿನ ಶಾಲೆಗಳಲ್ಲಿ ಈ ವಿಚಾರ ಬೆಳೆದು ಬಂದ ಬಗೆ ನನ್ನನ್ನು ಬಹುವಾಗಿ ಆಕರ್ಷಿಸಿತು.

1958ರ ಜೂನ್ ತಿಂಗಳಲ್ಲಿ ಆರ್ಫರ್ಡ್ ಎಂಬ ಊರಿನ ಚರ್ಚಿನಲ್ಲಿ ಬೆಂಜಮಿನ್ ಬ್ರಿಟನ್ನರ 'ನೋಯ್ಸ್ ಫ್ಲಡ್' ಎಂಬ ಗೀತನಾಟಕ ಮೊದಲ ಬಾರಿಗೆ ಪ್ರದರ್ಶಿತವಾಯಿತು. ನೋಹನ ಪ್ರಳಯದ ಕಥೆಯನ್ನು ಹೇಳುವ ಈ ಕೃತಿಯಲ್ಲಿ ಬಹುಪಾಲು ಕಲಾವಿದರು ಮಕ್ಕಳೇ. ಮಳೆಯ ಮೊದಲ ಹನಿಗಳ ಸದ್ದು ಬಂದದ್ದು ಸಾಲಾಗಿ ತೂಗುಹಾಕಿದ ಕುಡಿಯುವ ಮಗ್ಗುಗಳಿಂದ! ಆದರೆ ಇಲ್ಲಿ ನುಡಿಸಿದವರು ಮಕ್ಕಳಾದರೂ ರಚಿಸಿದವರು ಬ್ರಿಟನ್.

ಮುಂದಿನ ಹೆಜ್ಜೆ ಇಟ್ಟವರು ಪೀಟರ್ ಮ್ಯಾಕ್ಸ್‌ವೆಲ್ ಡೇವಿಸ್. 1959ರಿಂದ 1962ರವರೆಗೆ ಸೈರನ್ಸೆಸ್ಟರ್ ಗ್ರಾಮರ್ ಶಾಲೆಯಲ್ಲಿ ಸಂಗೀತ ಅಧ್ಯಾಪಕರಾಗಿದ್ದ ಈ ತರುಣ, ವಿದ್ಯಾರ್ಥಿಗಳು ಸ್ವತಃ ರಚಿಸುವಂತೆ ಪ್ರೋತ್ಸಾಹಿಸಿದರು. 1960ರಲ್ಲಿ ಅವರಿಗಾಗಿಯೇ ಬರೆದ 'ಓ ಮ್ಯಾಗ್ನಮ್ ಮಿಸ್ಟೀರಿಯಮ್' ಕೃತಿಯಲ್ಲಿ, ಮಕ್ಕಳು ಮನೋಧರ್ಮದಿಂದ ನುಡಿಸುವುದಕ್ಕೂ ಎಡೆಮಾಡಿಕೊಟ್ಟರು.

ಇದನ್ನು ಸಾಮಾನ್ಯ ತರಗತಿಗೆ ಒಗ್ಗುವ ಪದ್ಧತಿಯಾಗಿಸಿದವರಲ್ಲಿ ಯಾರ್ಕ್ ವಿಶ್ವವಿದ್ಯಾಲಯದ ಜಾನ್ ಪೇಂಟರ್ (1931–2010) ಮುಖ್ಯರು. ಪೀಟರ್ ಆಸ್ಟನ್ ಅವರೊಡನೆ 1970ರಲ್ಲಿ ಅವರು ಪ್ರಕಟಿಸಿದ 'ಸೌಂಡ್ ಅಂಡ್ ಸೈಲೆನ್ಸ್' ಗ್ರಂಥದ ಕ್ರಮ ಸರಳವಾದುದು. ಮಕ್ಕಳು ಸಣ್ಣ ಗುಂಪುಗಳಾಗಿ ಕೂಡಿ ಮೊದಲು ಸದ್ದುಗಳನ್ನು ಹುಡುಕಬೇಕು, ಅನಂತರ ಆಯ್ದು ಜೋಡಿಸಬೇಕು, ಕೊನೆಗೆ ಉಳಿದವರ ಮುಂದೆ ನುಡಿಸಬೇಕು. ಅದೇ ಬಗೆಯ ಪ್ರಯತ್ನ ಮಾಡಿದ ಹೆಸರಾಂತ ರಚನಕಾರರ ಕೃತಿಯನ್ನು ಕೇಳುವುದು ತರುವಾಯದ ಪಾಠ. ಸ್ವರಲಿಪಿ ತಿಳಿಯದಿದ್ದರೆ ಗೆರೆ, ಚುಕ್ಕೆಗಳೂ ಸಾಕು.

ಬಿರುಗಾಳಿಗೆ ಸಿಕ್ಕಿದ ಹಡಗಿನ ಕಥೆಯನ್ನು ಐವರು ಮಕ್ಕಳು ಮಾತಿಲ್ಲದೆ ಹೇಳಬೇಕೆಂದು ಊಹಿಸಿಕೊಳ್ಳಿ. ಅಲೆಗೆ ಯಾವ ವಾದ್ಯ? ಗಾಳಿ ಎಲ್ಲಿ ಏರಬೇಕು? ಹಡಗು ಮುಳುಗಿದ ಮೇಲೆ ಎಷ್ಟು ಹೊತ್ತು ಮೌನ? ವಾದ, ರಾಜಿ, ಮರುಪ್ರಯತ್ನ ಇವೆಲ್ಲವೂ ಅಲ್ಲಿ ಸಂಗೀತಪಾಠವೇ. ಇದು ಬರಿಯ ಗದ್ದಲ, ಸ್ವರಲಿಪಿಯ ಶಿಸ್ತು ಹಾಳಾಗುತ್ತದೆ ಎಂಬ ಟೀಕೆಗಳೂ ಬಂದವು. ಅವುಗಳಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಪಕ್ಕದ ಕೊಠಡಿಯಲ್ಲಿ ಗಣಿತ ಬೋಧಿಸುವವರ ಪಾಡನ್ನೂ ಯೋಚಿಸಬೇಕಷ್ಟೆ.

ಆದರೂ ವಿಚಾರ ಗೆದ್ದಿತು. 1986ರಲ್ಲಿ ಬೋಧನೆಗೆ ಬಂದು 1988ರಲ್ಲಿ ಮೊದಲ ಪರೀಕ್ಷೆ ಕಂಡ ಜಿ.ಸಿ.ಎಸ್.ಇ. ವ್ಯವಸ್ಥೆಯಲ್ಲಿ ವಾದನ, ಶ್ರವಣಗಳ ಜೊತೆಗೆ ರಚನೆಯೂ ಸಂಗೀತದ ವಿದ್ಯಾರ್ಥಿಗಳಿಗೆಲ್ಲ ಕಡ್ಡಾಯವಾಯಿತು. 2016ರಿಂದ ಬೋಧನೆಗೆ ಬಂದ ಪರಿಷ್ಕೃತ ಕ್ರಮದಲ್ಲಿ ರಚನೆಗೆ ಶೇ. 30ರಷ್ಟು ಅಂಕಗಳಿವೆ. ಆದರೆ ಕೂಡಿ ನುಡಿಸಿದ್ದಕ್ಕೆ ಅಂಕವುಂಟು. ರಚನೆಯನ್ನು ಮಾತ್ರ ಪ್ರತಿಯೊಬ್ಬರೂ ತಮ್ಮದೆಂದೇ ಒಪ್ಪಿಸಬೇಕು.

ವರ್ಷಗಟ್ಟಲೆ ಅಂಕಪಟ್ಟಿ ತುಂಬಿದ ನನಗೆ ಪರೀಕ್ಷಕರ ಕಷ್ಟ ಅರ್ಥವಾಗುತ್ತದೆ. ಪಟ್ಟಿಯಲ್ಲಿ ಒಂದು ಸಾಲಿಗೆ ಒಂದೇ ಹೆಸರು. ಆದರೆ ಆ ಐವರಲ್ಲಿ, "ಇಲ್ಲಿ ಯಾರೂ ನುಡಿಸುವುದು ಬೇಡ" ಎಂದು ಸೂಚಿಸಿ ಕಥೆಗೆ ಜೀವ ತುಂಬಿದ ಹುಡುಗಿಯೊಬ್ಬಳಿದ್ದರೆ, ಅವಳಿಗೆ ಎಷ್ಟು ಅಂಕ ಕೊಡೋಣ? ನನ್ನ ತರಗತಿಗಳಲ್ಲಿಯೂ ಅಂಥವರು ಇದ್ದಿರಬೇಕು. ಹಾಡನ್ನು ತಿರುಗಿ ಹೇಳಿಸುವ ಭರದಲ್ಲಿ, ಅವರನ್ನು ನಾನು ಒಮ್ಮೆಯೂ ಕೇಳಲಿಲ್ಲ.