ಸೊಮಾಲಿಯಾಕ್ಕೆ ಸಕ್ಕರೆ ಹೋಗುತ್ತೆ, ಅಲ್ಲಿನ ಸುದ್ದಿ ನಮಗೆ ಬರೋದಿಲ್ಲ

ನಾನು ಶಾಲೆಯಲ್ಲಿದ್ದಾಗ, 1992–93ರ ಸುಮಾರಿಗೆ, ತರಗತಿಯ ಸಣಕಲು ಹುಡುಗರಿಗೆ 'ಸೊಮಾಲಿಯಾ' ಅಂತ ಅಡ್ಡಹೆಸರಿತ್ತು. ನನಗೂ ಇತ್ತು. ಟಿ.ವಿ.ಯಲ್ಲಿ ಎಲುಬು ಎಣಿಸಬಹುದಾದಂಥ ಮಕ್ಕಳನ್ನು ತೋರಿಸುತ್ತಿದ್ದ ಕಾಲ ಅದು. ಆ ದೇಶ ಎಲ್ಲಿದೆ, ಆ ಮಕ್ಕಳು ಯಾಕೆ ಹಾಗಾದರು ಅಂತ ಮಾಸ್ತರರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಮೂವತ್ತು ವರ್ಷ ಆದ ಮೇಲೆ ಆ ಹೆಸರು ಮತ್ತೆ ಎದುರಾದದ್ದು ನಮ್ಮೂರ ಚಹಾದಂಗಡಿಯಲ್ಲಿ. ನಮ್ಮೂರು ಮುಧೋಳ ತಾಲೂಕಿನ ತಿಮ್ಮಾಪುರ. ರೈತರ ಸಹಕಾರಿ ಸಕ್ಕರೆ ಕಾರ್ಖಾನೆ ಇರುವ ಊರು. ಇಲ್ಲಿ ಮಾತು ಎಲ್ಲಿಂದ ಶುರುವಾದರೂ ಕಬ್ಬಿಗೇ ಬಂದು ನಿಲ್ಲುತ್ತದೆ. 2025ರ ಜನವರಿಯಲ್ಲಿ ಕೇಂದ್ರ ಸರ್ಕಾರ 10 ಲಕ್ಷ ಟನ್ ಸಕ್ಕರೆ ರಫ್ತಿಗೆ ಅನುಮತಿ ಕೊಟ್ಟಿತ್ತು. "ನಮ್ಮ ಸಕ್ರಿ ಯಾವ ದೇಶಕ್ಕ ಹೋಗತೈತೋ ತಮ್ಮಾ?" ಅಂತ ಕಾಕಾ ಒಬ್ಬರು ಕೇಳಿದರು. ಆ ಹಂಗಾಮಿನಲ್ಲಿ ಭಾರತದ ಸಕ್ಕರೆಯನ್ನು ಹೆಚ್ಚು ಕೊಂಡ ದೇಶಗಳ ಸಾಲಿನಲ್ಲಿ ಸೊಮಾಲಿಯಾ ಮುಂದಿತ್ತು. ಅದನ್ನೇ ಹೇಳಿದೆ. ಎಲ್ಲರೂ ನಕ್ಕರು. "ಅಲ್ಲಿ ಉಣ್ಣಾಕ ಕೂಳಿಲ್ಲಂತಾರ, ಸಕ್ರಿ ಯಾರ್ ತಗೋತಾರ?" ಅಂದರು ಕಾಕಾ.

ಪ್ರಶ್ನೆ ತಮಾಷೆಯದಲ್ಲ. ಅದಕ್ಕೆ ಉತ್ತರ ಹುಡುಕುತ್ತ ಹೋದರೆ ಆ ದೇಶದ ಅರ್ಧ ಕಥೆ ಸಿಗುತ್ತದೆ.

ಯಾರು ಈ ಸೊಮಾಲಿಗಳು?

ಅರಬ್ಬಿ ಸಮುದ್ರ ದಾಟಿದರೆ ಆಫ್ರಿಕಾದ ಕೊಂಬಿನಂತೆ ಚಾಚಿಕೊಂಡಿರುವ ನೆಲವೇ ಸೊಮಾಲಿಯಾ. ಮೂರು ಸಾವಿರ ಕಿಲೋಮೀಟರ್‌ಗೂ ಉದ್ದದ ಕರಾವಳಿ. ಒಳನಾಡು ನಮ್ಮ ಬಯಲುಸೀಮೆಗಿಂತಲೂ ಒಣ. ದಕ್ಷಿಣದಲ್ಲಿ ಜುಬಾ, ಶಬೆಲ್ಲೆ ಎಂಬ ಎರಡು ನದಿ. ಎರಡೂ ಹುಟ್ಟುವುದು ಇಥಿಯೋಪಿಯಾದ ಬೆಟ್ಟಗಳಲ್ಲಿ. ಏಪ್ರಿಲ್–ಜೂನ್‌ನ 'ಗು' ಮಳೆ, ಅಕ್ಟೋಬರ್–ಡಿಸೆಂಬರ್‌ನ 'ದೆಯ್ರ್' ಮಳೆ. ನಮ್ಮ ಮುಂಗಾರು, ಹಿಂಗಾರು ಇದ್ದಂತೆ.

ಬಹುಪಾಲು ಜನರ ಭಾಷೆ ಒಂದು, ಧರ್ಮವೂ ಒಂದು, ಸುನ್ನಿ ಇಸ್ಲಾಂ. ಒಂಟೆ, ಕುರಿ, ಮೇಕೆ ಸಾಕುವುದು ಹಳೆಯ ಕಸುಬು. ಇಷ್ಟು ಒಗ್ಗಟ್ಟಿರುವ ಜನ ಆಫ್ರಿಕಾದಲ್ಲಿ ಅಪರೂಪ. ಆದರೆ ವಸಾಹತು ಕಾಲದಲ್ಲಿ ಅವರ ನೆಲ ಐದು ಪಾಲಾಯಿತು: ಬ್ರಿಟಿಷರದು, ಇಟಲಿಯದು, ಫ್ರೆಂಚರದು (ಇಂದಿನ ಜಿಬೂಟಿ), ಇಥಿಯೋಪಿಯಾದ ಒಗಾಡೆನ್, ಕೀನ್ಯಾದ ಈಶಾನ್ಯ ಭಾಗ. ಸೊಮಾಲಿ ಬಾವುಟದ ನಕ್ಷತ್ರಕ್ಕೆ ಐದು ಮೂಲೆ ಇರುವುದು ಇದೇ ಕಾರಣಕ್ಕೆ. 1960ರ ಜುಲೈ 1ರಂದು ಬ್ರಿಟಿಷ್ ಮತ್ತು ಇಟಾಲಿಯನ್ ಭಾಗಗಳು ಸೇರಿ ಒಂದು ದೇಶವಾದವು. ಉಳಿದ ಮೂರು ಹೊರಗೇ ಉಳಿದವು.

ಒಳಗಡೆ ಕುಲಗಳ ಲೆಕ್ಕ ಬೇರೆ. ಡಾರೊದ್, ಹವಿಯೆ, ದಿರ್, ರಹನ್‌ವೇನ್ ಎಂಬ ನಾಲ್ಕು ದೊಡ್ಡ ಕುಲಗಳಿಗೆ ಒಂದೊಂದು ಪಾಲು, ಉಳಿದ ಎಲ್ಲ ಅಲ್ಪಸಂಖ್ಯಾತರಿಗೂ ಸೇರಿ ಅರ್ಧ ಪಾಲು. ಇದಕ್ಕೆ '4.5 ಸೂತ್ರ' ಅಂತಾರೆ. ಸಂಸತ್ತಿನ ಸ್ಥಾನಗಳನ್ನು ಹಂಚುತ್ತ ಬಂದದ್ದು ಹೀಗೆ. ನದಿದಂಡೆಯಲ್ಲಿ ಬೇಸಾಯ ಮಾಡುವ ಬಂಟು ಜನ, ಹಿಂದೆ ಗುಲಾಮರಾಗಿ ತಂದವರ ಮಕ್ಕಳು ಮೊಮ್ಮಕ್ಕಳು, ಆ ಅರ್ಧ ಪಾಲಿನವರು. ಜಾತಿ ಲೆಕ್ಕ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸರ್ಕಾರ ಬಿದ್ದು ಹೋದ ಬಗೆ

1969ರ ಅಕ್ಟೋಬರ್‌ನಲ್ಲಿ ಅಧ್ಯಕ್ಷರ ಕೊಲೆಯಾಯಿತು. ಒಂದೇ ವಾರದಲ್ಲಿ ಸೇನಾಧಿಕಾರಿ ಸಿಯಾದ್ ಬಾರೆ ಅಧಿಕಾರ ಹಿಡಿದ. ಅವನ ಕಾಲದಲ್ಲಿ ಒಳ್ಳೆಯದೂ ಆಯಿತು: 1972ರಲ್ಲಿ ಸೊಮಾಲಿ ಭಾಷೆಗೆ ಅಧಿಕೃತ ಲಿಪಿ ಬಂತು, ಹಳ್ಳಿಹಳ್ಳಿಗೆ ಅಕ್ಷರ ಹೋಯಿತು. ಆದರೆ 1977–78ರಲ್ಲಿ ಒಗಾಡೆನ್‌ಗಾಗಿ ಇಥಿಯೋಪಿಯಾದ ಮೇಲೆ ಯುದ್ಧಕ್ಕೆ ಹೋಗಿ ಸೋತ. ಮೊದಲು ಸೋವಿಯತ್, ಆಮೇಲೆ ಅಮೆರಿಕ, ಇಬ್ಬರೂ ಬಂದೂಕು ತುಂಬಿಸಿದರು. 1988ರಲ್ಲಿ ಬಂಡಾಯ ಅಡಗಿಸಲು ತನ್ನದೇ ದೇಶದ ಹರ್ಗೇಸಾ ನಗರದ ಮೇಲೆ ಬಾಂಬು ಹಾಕಿಸಿದ. 1991ರ ಜನವರಿಯಲ್ಲಿ ಅವನು ಓಡಿಹೋದಾಗ ಸೇನೆ, ಪೊಲೀಸು, ಕೋರ್ಟು, ಬ್ಯಾಂಕು ಎಲ್ಲ ಅವನ ಜೊತೆಗೇ ಬಿದ್ದವು.

ಆಗ ಉತ್ತರದ ಸೊಮಾಲಿಲ್ಯಾಂಡ್ ತಾನು ಬೇರೆ ದೇಶ ಎಂದು ಘೋಷಿಸಿಕೊಂಡಿತು. ಅಲ್ಲಿ ಹಿರಿಯರು ಕೂತು ಕುಲಗಳ ನಡುವೆ ರಾಜಿ ಮಾಡಿಸಿದರು, ಚುನಾವಣೆಗಳೂ ನಡೆದವು. ವಿಶ್ವಸಂಸ್ಥೆಯ ಸದಸ್ಯತ್ವ ಇಲ್ಲದಿದ್ದರೂ ದಕ್ಷಿಣಕ್ಕಿಂತ ಶಾಂತಿ ಅಲ್ಲೇ ಹೆಚ್ಚು. ದಕ್ಷಿಣದಲ್ಲಿ ಸೇನಾಪಾಳೆಗಾರರು ಊರೂರು ಹಂಚಿಕೊಂಡರು. 1993–94ರಲ್ಲಿ ವಿಶ್ವಸಂಸ್ಥೆಯ ಪಡೆಯಲ್ಲಿ ಭಾರತದ ಒಂದು ಬ್ರಿಗೇಡ್ ಬೈದೋವಾ ಸೀಮೆಯಲ್ಲಿ ಕೆಲಸ ಮಾಡಿದ್ದು ನಮ್ಮಲ್ಲಿ ಹೆಚ್ಚು ಜನರಿಗೆ ನೆನಪಿಲ್ಲ. 2006ರ ಕೊನೆಗೆ ಇಥಿಯೋಪಿಯಾ ಸೇನೆ ನುಗ್ಗಿದ ಮೇಲೆ ಅಲ್ ಶಬಾಬ್ ಎಂಬ ಉಗ್ರ ಸಂಘಟನೆ ಬಲಿಯಿತು. 2017ರ ಅಕ್ಟೋಬರ್ 14ರಂದು ಮೊಗಾದಿಶುವಿನ ರಸ್ತೆಯಲ್ಲಿ ಲಾರಿ ಬಾಂಬ್ ಸಿಡಿದು 500ಕ್ಕೂ ಹೆಚ್ಚು ಮಂದಿ ಸತ್ತರು. ಸತ್ತವರಲ್ಲಿ ಬಹುತೇಕರು ಸಾಮಾನ್ಯ ಸೊಮಾಲಿಗಳು, ಮುಸ್ಲಿಮರು.

ಮಳೆ ಕೈಕೊಟ್ಟರೆ ಎಲ್ಲ ಕಡೆ ಜನ ಸಾಯೋದಿಲ್ಲ

2010ರ ಅಕ್ಟೋಬರ್‌ನಿಂದ 2012ರ ಏಪ್ರಿಲ್‌ವರೆಗಿನ ಕ್ಷಾಮದಲ್ಲಿ ಸೊಮಾಲಿಯಾದಲ್ಲಿ ಸುಮಾರು 2.58 ಲಕ್ಷ ಜನ ಸತ್ತರು ಎಂದು ಆಮೇಲಿನ ಅಧ್ಯಯನ ಅಂದಾಜು ಮಾಡಿತು. ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು. ಆ ಬರ ಕೀನ್ಯಾ, ಇಥಿಯೋಪಿಯಾಗಳಲ್ಲೂ ಇತ್ತು. ಅಲ್ಲಿ ಕ್ಷಾಮ ಘೋಷಣೆಯಾಗಲಿಲ್ಲ. ಸೊಮಾಲಿಯಾದಲ್ಲಿ ತನ್ನ ಹಿಡಿತದ ಊರುಗಳಿಗೆ ಹಲವು ಪರಿಹಾರ ಸಂಸ್ಥೆಗಳು ಬರದಂತೆ ಅಲ್ ಶಬಾಬ್ ತಡೆಯಿತು. ಇತ್ತ, ಕಾಳು ಉಗ್ರರ ಕೈಸೇರಿದರೆ ಕೇಸು ಬೀಳುತ್ತದೆ ಎಂಬ ಅಮೆರಿಕದ ಕಾನೂನಿನ ಭಯಕ್ಕೆ ಸಂಸ್ಥೆಗಳೂ ಹಿಂಜರಿದವು. ನಡುವೆ ಸಿಕ್ಕವರು ತಾಯಂದಿರು, ಮಕ್ಕಳು.

ನಮ್ಮ ಸೀಮೆಗೂ ಇದು ಗೊತ್ತಿರುವ ಪಾಠ. 1876–78ರ ಬರದಲ್ಲಿ ಪಕ್ಕದ ಕಲಾದಗಿ ಜಿಲ್ಲೆಯಲ್ಲಿ ಊರುಗಳೇ ಬರಿದಾದವು. ಅದೇ ಹೊತ್ತಿಗೆ ಭಾರತದಿಂದ ಇಂಗ್ಲೆಂಡಿಗೆ ಧಾನ್ಯ ಹೋಗುತ್ತಲೇ ಇತ್ತು. 1972ರ ಬರದಲ್ಲಿ ನಮ್ಮಪ್ಪ ಬರಗಾಲ ಕಾಮಗಾರಿಯಲ್ಲಿ ಮಣ್ಣು ಹೊತ್ತ, ರೇಷನ್ ಜೋಳದ ರೊಟ್ಟಿ ತಿಂದ, ಬದುಕಿದ. ಎರಡೂ ಸಲ ಮುಗಿಲು ಒಂದೇ ಥರ ಒಣಗಿತ್ತು. ಕಾಮಗಾರಿ, ರೇಷನ್ ಕಾರ್ಡು, ಪ್ರಶ್ನೆ ಕೇಳುವ ಶಾಸಕ, ಸುದ್ದಿ ಬರೆಯುವ ಪತ್ರಿಕೆ ಇವೆಲ್ಲ ಎರಡನೇ ಸಲ ಇದ್ದವು, ಮೊದಲ ಸಲ ಇರಲಿಲ್ಲ.

ಸೊಮಾಲಿಯಾದಲ್ಲಿ 2020ರ ಕೊನೆಯಿಂದ ಸತತ ಐದು ಮಳೆಗಾಲ ಕೈಕೊಟ್ಟವು. 2022 ಒಂದೇ ವರ್ಷದಲ್ಲಿ ಬರದಿಂದ 43 ಸಾವಿರ ಹೆಚ್ಚುವರಿ ಸಾವು ಎಂಬ ಅಂದಾಜಿದೆ. 2023ರ ಕೊನೆಗೆ ಮಳೆ ಬಂತು, ಪ್ರವಾಹವಾಗಿ ಬಂತು. ಇಂದು 30 ಲಕ್ಷಕ್ಕೂ ಹೆಚ್ಚು ಜನ ತಮ್ಮದೇ ದೇಶದಲ್ಲಿ ನೆಲೆ ಕಳೆದುಕೊಂಡು ಗುಡಾರಗಳಲ್ಲಿದ್ದಾರೆ.

ಸಕ್ಕರೆ ಚೀಲದ ದಾರಿ

ಈಗ ಕಾಕಾನ ಪ್ರಶ್ನೆಗೆ ಬರೋಣ. ಸೊಮಾಲಿಯಾದಲ್ಲಿ ಕಬ್ಬು ಬೆಳೆಯುತ್ತಿತ್ತು, ಸಕ್ಕರೆಯೂ ಆಗುತ್ತಿತ್ತು! 1920ರಲ್ಲಿ ಇಟಲಿಯ ರಾಜಮನೆತನದವನೊಬ್ಬ ಶಬೆಲ್ಲೆ ದಂಡೆಯ ಜೌಹರ್‌ನಲ್ಲಿ ಕಬ್ಬಿನ ತೋಟ ಹಾಕಿದ, ಅಲ್ಲಿ ಕಾರ್ಖಾನೆ ಎದ್ದಿತು. 1980ರಲ್ಲಿ ಜುಬಾ ದಂಡೆಯ ಮರೇರೆಯಲ್ಲಿ ಇನ್ನೊಂದು ದೊಡ್ಡ ಕಾರ್ಖಾನೆ ಶುರುವಾಯಿತು. 1991ರ ನಂತರ ಎರಡೂ ಹಾಳು ಬಿದ್ದವು. ಕಾಲುವೆ ಹೂಳು ತೆಗೆಯುವವರು ಯಾರು? ಕಬ್ಬಿನ ಬಿಲ್ ಕೊಡುವವರು ಯಾರು?

ಆದರೆ ಚಹಾ ನಿಲ್ಲಲಿಲ್ಲ. ಹಾಲು, ಏಲಕ್ಕಿ, ತುಂಬ ಸಕ್ಕರೆ ಹಾಕಿದ 'ಶಾಹ್' ಅಲ್ಲಿ ಮನೆಮನೆಯ ಕುಡಿತ. ದನಗಾಹಿಗಳಿಗೆ ಎಷ್ಟೋ ಸಲ ಅದೇ ಅರ್ಧ ಊಟ. ಹಾಗಾಗಿ ಸಕ್ಕರೆ ಹೊರಗಿನಿಂದ ಬರಲೇಬೇಕು. ಬಂದ ಸಕ್ಕರೆ ಎಲ್ಲವೂ ಅಲ್ಲೇ ಖರ್ಚಾಗುವುದಿಲ್ಲ; ಕಿಸ್ಮಾಯೊ ಬಂದರಿನಲ್ಲಿ ಇಳಿದ ಒಂದಷ್ಟು ಲಾರಿಯೇರಿ ಕಳ್ಳದಾರಿಯಲ್ಲಿ ಕೀನ್ಯಾ ಸೇರುತ್ತದೆ, ಅಲ್ಲಿನ ಕಬ್ಬು ಬೆಳೆಗಾರರ ಹೊಟ್ಟೆಗೂ ಹೊಡೆಯುತ್ತದೆ. ದಾರಿಯ ನಾಕಾಗಳಲ್ಲಿ ಅಲ್ ಶಬಾಬ್ ಸುಂಕ ವಸೂಲಿ ಮಾಡುತ್ತದೆ, ರಸೀದಿಯನ್ನೂ ಕೊಡುತ್ತದೆ. ಇದ್ದಿಲು ವ್ಯಾಪಾರದಲ್ಲೂ ಹೀಗೇ. 2012ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಸೊಮಾಲಿ ಇದ್ದಿಲಿನ ರಫ್ತನ್ನೇ ನಿಷೇಧಿಸಿತು. ಬಡ ವ್ಯಾಪಾರಿ ಸರ್ಕಾರಕ್ಕೂ ತೆರಬೇಕು, ಬಂದೂಕಿಗೂ ತೆರಬೇಕು.

ದುಡ್ಡು ಎಲ್ಲಿಂದ ಬರುತ್ತೆ?

ಮೂರು ದಾರಿ. ಒಂದು, ಜಾನುವಾರು. ಬರ್ಬೆರಾ, ಬೊಸಾಸೊ ಬಂದರುಗಳಿಂದ ಲಕ್ಷಗಟ್ಟಲೆ ಕುರಿ, ಮೇಕೆ ಸೌದಿಗೆ ಹೋಗುತ್ತವೆ. ಎರಡು, ಹೊರದೇಶಗಳಲ್ಲಿ ದುಡಿಯುವ ಸೊಮಾಲಿಗಳು ಹವಾಲಾ ಮೂಲಕ ಮನೆಗೆ ಕಳಿಸುವ ಹಣ, ವರ್ಷಕ್ಕೆ ನೂರು ಕೋಟಿ ಡಾಲರ್‌ಗೂ ಮೀರಿ. 2001ರಲ್ಲಿ ಅಮೆರಿಕ ಭಯೋತ್ಪಾದನೆಯ ಹೆಸರಲ್ಲಿ ಅಲ್ ಬರಕಾತ್ ಎಂಬ ದೊಡ್ಡ ಹವಾಲಾ ಕಂಪನಿಯನ್ನು ಮುಚ್ಚಿಸಿದಾಗ ಸಾವಿರಾರು ಮನೆಗಳ ಒಲೆಗೆ ಪೆಟ್ಟು ಬಿತ್ತು. ಮೂರು, ಮೊಬೈಲ್ ಹಣ. ನಮ್ಮಲ್ಲಿ ಫೋನ್‌ಪೇ ಬರುವ ಮೊದಲೇ ಮೊಗಾದಿಶುವಿನ ತರಕಾರಿ ಮಾರುವವಳು ಫೋನಿನಲ್ಲಿ ದುಡ್ಡು ತಗೋತಿದ್ದಳು. ಬ್ಯಾಂಕ್ ಇಲ್ಲದ ಊರಿನಲ್ಲಿ ಜನ ತಾವೇ ಕಟ್ಟಿಕೊಂಡ ವ್ಯವಸ್ಥೆ ಇದು. ಗಂಡಸರು ಯುದ್ಧಕ್ಕೆ, ವಲಸೆಗೆ ಹೋದ ಮೇಲೆ ಮನೆ ನಡೆಸುತ್ತಿರುವವರಲ್ಲಿ ಹೆಂಗಸರೇ ಬಹಳ. ಅದೇ ಹೆಂಗಸರಲ್ಲಿ ಸುಮಾರು ಎಲ್ಲರೂ ಬಾಲ್ಯದಲ್ಲೇ ಜನನಾಂಗ ಛೇದನದ ನೋವು ಉಂಡವರು. ಕೆಲಸವಿಲ್ಲದ ಹುಡುಗರು ಲಿಬಿಯಾ ದಾರಿ ಹಿಡಿದು ಯುರೋಪಿಗೆ ಹೊರಡುತ್ತಾರೆ. ಆ ಪಯಣಕ್ಕೆ ಅವರ ಭಾಷೆಯಲ್ಲಿ 'ತಹ್ರೀಬ್' ಅಂತಾರೆ. ಮನೆ ಮುಟ್ಟುವುದು ಒಮ್ಮೊಮ್ಮೆ ಸಾವಿನ ಸುದ್ದಿ.

ಕಡಲ್ಗಳ್ಳರು ಮತ್ತು ನಾವು

ನಮ್ಮ ವಾಹಿನಿಗಳಲ್ಲಿ ಸೊಮಾಲಿಯಾ ಅಂದರೆ ಕಡಲ್ಗಳ್ಳರು. ಸುಳ್ಳೇನಲ್ಲ. 2017ರಲ್ಲಿ ಗೋಧಿ, ಸಕ್ಕರೆ ಹೊತ್ತು ದುಬೈನಿಂದ ಹೊರಟಿದ್ದ 'ಅಲ್ ಕೌಸರ್' ಎಂಬ ಭಾರತದ ಹಡಗನ್ನು 11 ನಾವಿಕರ ಸಮೇತ ಹಿಡಿದರು. 2024ರ ಮಾರ್ಚ್‌ನಲ್ಲಿ ಐಎನ್‌ಎಸ್ ಕೋಲ್ಕತ್ತಾ ಸುಮಾರು 40 ಗಂಟೆ ಕಾರ್ಯಾಚರಣೆ ನಡೆಸಿ 'ರುಯೆನ್' ಹಡಗಿನ 17 ಮಂದಿಯನ್ನು ಬಿಡಿಸಿತು. ಶರಣಾದ 35 ಕಡಲ್ಗಳ್ಳರನ್ನು ಮುಂಬೈಗೆ ತಂದಿತು. ಕಾವಲಿಲ್ಲದ ಕಡಲಿಗೆ ವಿದೇಶಿ ಟ್ರಾಲರ್‌ಗಳು ನುಗ್ಗಿ ಮೀನು ಬಾಚಿದ್ದು ಈ ಕಥೆಯ ಮೊದಲ ಅಧ್ಯಾಯ. ಅದು ದರೋಡೆಗೆ ಸಮರ್ಥನೆಯಲ್ಲ, ಕಾರಣಗಳಲ್ಲಿ ಒಂದು.

2016ರ ಜನವರಿಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸುಡಾನ್‌ನ ಯುವಕನ ಕಾರು ಮಹಿಳೆಯೊಬ್ಬರನ್ನು ಬಲಿ ತೆಗೆದುಕೊಂಡಾಗ, ಅದಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಬಡಿಯಿತು. ಆಫ್ರಿಕಾ ಅಂದರೆ ಒಂದೇ ಮುಖ ಅಂತ ತಿಳಿದ ಫಲ. ನಮ್ಮ ತರಗತಿಯ ಅಡ್ಡಹೆಸರೂ ಅದೇ ಬೇರಿನದು.

ಸಿಟ್ಟಿಗೊಂದು ವಿಳಾಸ

2023ರ ಡಿಸೆಂಬರ್‌ನಲ್ಲಿ ಸೊಮಾಲಿಯಾದ 450 ಕೋಟಿ ಡಾಲರ್ ಸಾಲ ಮನ್ನಾ ಆಯಿತು. ಒಳ್ಳೆಯ ಸುದ್ದಿ. ಆದರೆ 2025ರಲ್ಲಿ ಅಮೆರಿಕ ನೆರವು ಕಡಿತ ಮಾಡಿತು, ಆಫ್ರಿಕನ್ ಒಕ್ಕೂಟದ ಶಾಂತಿಪಡೆಗೂ ಹಣ ಸಾಲುತ್ತಿಲ್ಲ. ಈಗ ದೆಹಲಿಯಲ್ಲಿ ಸಕ್ಕರೆ, ಅಕ್ಕಿ ರಫ್ತಿಗೆ ಬೀಗ ಬಿದ್ದರೆ ಅಲ್ಲಿ ಚಹಾ, ಅನ್ನ ತುಟ್ಟಿಯಾಗುತ್ತದೆ. ರಫ್ತು ನಿರ್ಬಂಧದ ಮಾತು ಬಂದಾಗ ನಾವು ನಮ್ಮ ಟನ್ನಿನ ದರ ಮಾತ್ರ ನೋಡುತ್ತೇವೆ. ಅದರ ಇನ್ನೊಂದು ತುದಿಯಲ್ಲೂ ಜನ ಇದ್ದಾರೆ.

2025ರ ನವೆಂಬರ್‌ನಲ್ಲಿ ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ಗುರ್ಲಾಪುರದಲ್ಲೂ ನಮ್ಮ ಮುಧೋಳದಲ್ಲೂ ರೈತರು ಬೀದಿಗಿಳಿದರು. ಕಬ್ಬಿನ ಟ್ರ್ಯಾಕ್ಟರ್‌ಗಳಿಗೆ ಬೆಂಕಿಯೂ ಬಿತ್ತು. ಅದು ಆಗಬಾರದಿತ್ತು. ಆದರೂ ಬೈಯಲು ಒಬ್ಬ ಮಂತ್ರಿ ಇದ್ದ, ಕೂತು ಮಾತಾಡಲು ಡಿ.ಸಿ. ಇದ್ದರು, ಕೊನೆಗೆ ಒಂದು ದರ ಹೊರಬಿತ್ತು. ಅದು ಸಾಲದು ಅಂತ ಮತ್ತೆ ಜಗಳವಾಡಲೂ ದಾರಿ ಇದೆ. ಜೌಹರ್‌ನ ಕಬ್ಬು ಬೆಳೆಗಾರ 1991ರಲ್ಲಿ ಕಳಕೊಂಡದ್ದು ಇದನ್ನೇ. ಅವನ ಸಿಟ್ಟಿಗೆ ವಿಳಾಸವೇ ಉಳಿಯಲಿಲ್ಲ.

ಇಷ್ಟನ್ನೂ ಚಹಾದಂಗಡಿಯಲ್ಲಿ ಹೇಳಿದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಅವ್ರೂ ನಮ್ಮಂಗ ಚಾ ಕುಡಿಯೋ ಮಂದಿನ ಬಿಡು" ಅಂದರು.