ಹಲಸಿನ ಹಣ್ಣಿಗೆ ನಿಮ್ಮನೇಲಿ ಏನಂತಾರೆ?

ಹೋದ ತಿಂಗಳು ನಮ್ಮ ಆಫೀಸಲ್ಲಿ 'ಡೈವರ್ಸಿಟಿ ಅಂಡ್ ಇನ್‌ಕ್ಲೂಷನ್' ಅಂತ ಒಂದು ಟ್ರೈನಿಂಗ್ ಇತ್ತು. ನಿಮ್ಮ ಆಫೀಸಲ್ಲೂ ಆಗಿರುತ್ತೆ ಬಿಡಿ. ನಲವತ್ತು ಸ್ಲೈಡು, ಕೊನೇಲಿ ಹತ್ತು ಪ್ರಶ್ನೆ, ಎಂಟು ಸರಿ ಮಾಡಿದ್ರೆ ಸರ್ಟಿಫಿಕೇಟು. ಕ್ಯಾಮೆರಾ ಆಫ್ ಮಾಡಿಕೊಂಡು ಕಾಫಿ ಕುಡೀತಾ ಒಂದೊಂದೇ ಉತ್ತರ ಒತ್ತುತ್ತಾ ಹೋದೆ. ಒಂಬತ್ತನೇ ಪ್ರಶ್ನೆ ಹತ್ತಿರ ಕೈ ನಿಂತಿತು. 'ನೀವು ಯಾವತ್ತಾದರೂ ಯಾರನ್ನಾದರೂ ಹೊರಗಿಟ್ಟಿದ್ದೀರಾ?' ಹೌದು, ಇಲ್ಲ, ನೆನಪಿಲ್ಲ ಅಂತ ಮೂರು ಆಯ್ಕೆ ಇತ್ತು. ನಾನು 'ನೆನಪಿಲ್ಲ' ಒತ್ತಿದೆ.

ಸುಳ್ಳು. ಚೆನ್ನಾಗಿ ನೆನಪಿದೆ. 2003ನೇ ಇಸವಿ, ಐದನೇ ಕ್ಲಾಸು, ಶಾಲೆಯ ಜಗಲಿ, ಕೈಯಲ್ಲಿ ಸ್ಟೀಲ್ ತಟ್ಟೆ. ಅದನ್ನು ಹೇಳೋಕೆ ಮುಂಚೆ ಊರು ಹೇಳಬೇಕು.

ನಮ್ಮದು ನರಸಿಂಹರಾಜಪುರ ತಾಲ್ಲೂಕಿನ ಕಡಹಿನಬೈಲು ಕಡೆ. ಮೊದಲು ಎಡೇಹಳ್ಳಿ ಅಂತಿದ್ದ ಪೇಟೆಗೆ ಮೈಸೂರು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಅವರ ಹೆಸರು ಬಂದಿದ್ದು ಆಮೇಲೆ. ನಮ್ಮ ಬಾಯಲ್ಲಿ ಅದು ಎನ್.ಆರ್.ಪುರ. ಹೊರಗಿನವರಿಗೆ ಮಲೆನಾಡು ಅಂದ್ರೆ ಮಳೆ, ಅಡಿಕೆ, ಕಾಫಿ, ಹೋಂಸ್ಟೇ. ಒಳಗಿಂದ ನೋಡಿದ್ರೆ ಇದು ಬಂದು ಸೇರಿದವರ ಸೀಮೆ. ಇಪ್ಪತ್ತನೇ ಶತಮಾನದ ಮಧ್ಯದಿಂದ ಕೇರಳದ ತಿರುವಾಂಕೂರು ಕಡೆಯ ರೈತರು ಬೆಟ್ಟ ಹತ್ತಿ ಬಂದು ರಬ್ಬರು, ಶುಂಠಿ ಹಾಕಿದರು. ತೋಟದ ಕೆಲಸಕ್ಕೆ ಘಟ್ಟದ ಕೆಳಗಿಂದ ತುಳು ಮಾತಾಡುವವರು ಬಂದರು. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದಾಗ ಹಿನ್ನೀರಿಗೆ ಊರು ಕಳ್ಕೊಂಡವರು ಬೇರೆ ಬೇರೆ ಕಡೆ ಗುಡ್ಡ ಕಡಿದು ಮನೆ ಕಟ್ಟಿದರು. ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಜೈನ ಬಸದಿ ಇದೆ, ಪೇಟೆಯಲ್ಲಿ ಮಸೀದಿ, ಚರ್ಚು ಎರಡೂ ಇವೆ. ಇವರೆಲ್ಲರಿಗಿಂತ ಮುಂಚಿನಿಂದ ಕಾಡಂಚಿನಲ್ಲಿ ಇದ್ದವರು ಗಿರಿಜನರು.

ಈ ಎಲ್ಲರ ಮಕ್ಕಳೂ ಒಟ್ಟಿಗೆ ಕೂರುವ ಜಾಗ ಅಂತ ಇದ್ದದ್ದು ಒಂದೇ, ಎರಡು ಕೋಣೆಯ ಸರ್ಕಾರಿ ಶಾಲೆ.

ನಾಲ್ಕನೇ ಕ್ಲಾಸಲ್ಲಿ ನಮಗೊಬ್ಬರು ಮೇಷ್ಟ್ರಿದ್ದರು. ಒಂದು ದಿನ ಪಾಠ ನಿಲ್ಲಿಸಿ, 'ಹಲಸಿನ ಹಣ್ಣಿಗೆ ನಿಮ್ಮನೇಲಿ ಏನಂತಾರೆ?' ಅಂತ ಕೇಳಿದರು. ಮೊದಲು ಯಾರೂ ಬಾಯಿ ಬಿಡಲಿಲ್ಲ. ಮನೆ ಮಾತು ಶಾಲೆಗೆ ತರಬಾರದು ಅನ್ನೋದು ಯಾರೂ ಹೇಳಿಕೊಡದೆ ನಮಗೆಲ್ಲ ಗೊತ್ತಿದ್ದ ನಿಯಮ. ಆಮೇಲೆ ಒಬ್ಬ 'ಪೆಲಕಾಯಿ' ಅಂದ. ಮೇಷ್ಟ್ರು ಬೋರ್ಡಿನ ಮೇಲೆ ಬರೆದರು. 'ಫನಸ್' ಅಂತ ಒಂದು ದನಿ, 'ಪೊಣಸು' ಅಂತ ಇನ್ನೊಂದು. ಕೇರಳದಿಂದ ಬಂದ ಮನೆಯ ಹುಡುಗ, ಯಾವಾಗಲೂ ಉಚ್ಚಾರಕ್ಕೆ ನಗಿಸಿಕೊಳ್ಳುತ್ತಿದ್ದವನು, ಮೆಲ್ಲಗೆ 'ಚಕ್ಕ' ಅಂದ. ಎಂದಿನ ಹಾಗೆ ನಗು. ಮೇಷ್ಟ್ರು ನಗುವವರ ಕಡೆ ತಿರುಗಿ, 'ಇಂಗ್ಲಿಷಿನವರು ಇದಕ್ಕೆ ಜ್ಯಾಕ್ ಅಂತಾರೆ, ಎಲ್ಲಿಂದ ತಗೊಂಡ್ರು ಗೊತ್ತಾ? ಇವನ ಮನೆಯಿಂದ!' ಅಂದರು.

ಅವರು ಹೇಳಿದ್ದು ನಿಜ. ಮಲಯಾಳದ ಚಕ್ಕ ಪೋರ್ಚುಗೀಸರ ಬಾಯಲ್ಲಿ ಜಾಕಾ ಆಯ್ತು. 1563ರಲ್ಲಿ ಗೋವಾದಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ತಾನ ಪುಸ್ತಕದಲ್ಲೇ ಆ ಪದ ಇದೆ. ಅಲ್ಲಿಂದ ಇಂಗ್ಲಿಷಿಗೆ ಹೋಗಿ ಜ್ಯಾಕ್‌ಫ್ರೂಟ್ ಆಯ್ತು. ಆವತ್ತಿಂದ ಆ ಹುಡುಗನ ಬೆನ್ನು ಸ್ವಲ್ಪ ನೆಟ್ಟಗಾಗಿದ್ದು ನನಗೆ ಈಗಲೂ ಕಾಣುತ್ತೆ.

ಕೊನೆಗೆ ಮೇಷ್ಟ್ರು ಬಾಗಿಲ ಹತ್ತಿರ ಕೂರುತ್ತಿದ್ದ ಹುಡುಗಿಯನ್ನು ಕೇಳಿದರು. ಗಿರಿಜನ ಕಾಲೊನಿಯಿಂದ ಬರುತ್ತಿದ್ದವಳು. ಅವಳು ಎದ್ದು ನಿಂತು ತಿರುಗಿ ಕೇಳಿದಳು: 'ಯಾವುದು ಸಾರ್? ಬಕ್ಕೆನಾ, ಅಂಬಲಿನಾ?' ಗಟ್ಟಿ ತೊಳೆಯದಾ, ಮೆತ್ತನೆಯದಾ ಅಂತ. ಹಣ್ಣಿನ ಬಗ್ಗೆ ಕ್ಲಾಸಿನಲ್ಲಿ ಸರಿಯಾದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಮೇಷ್ಟ್ರು ಎರಡನ್ನೂ ಬರೆದರು.

ಟ್ರೈನಿಂಗ್ ಮುಗಿದ ರಾತ್ರಿ ಇದೆಲ್ಲ ನೆನಪಾಗಿ, ತರಗತಿಯಲ್ಲಿ 'ಎಲ್ಲರೂ' ಅನ್ನೋದು ನಮ್ಮ ನಾಡಿನಲ್ಲಿ ಯಾವಾಗ ಶುರುವಾಯ್ತು ಅಂತ ಓದುತ್ತಾ ಕೂತೆ. ಓದು ಧಾರವಾಡಕ್ಕೆ ಕರ್ಕೊಂಡು ಹೋಯ್ತು.

ಆಗ ಧಾರವಾಡ ಬಾಂಬೆ ಪ್ರೆಸಿಡೆನ್ಸಿಯಲ್ಲಿತ್ತು. 1856ರ ಜೂನ್‌ನಲ್ಲಿ ಅಲ್ಲಿನ ಒಬ್ಬ ಮಹಾರ್ ಹುಡುಗ ಬಾಂಬೆ ಸರ್ಕಾರಕ್ಕೆ ಒಂದು ಅರ್ಜಿ ಕೊಟ್ಟ. ಫೀಸು ಕಟ್ಟೋಕೆ ತಯಾರಿದ್ದರೂ ಸರ್ಕಾರಿ ಶಾಲೆಗೆ ಸೇರಿಸಿಕೊಳ್ತಿಲ್ಲ ಅನ್ನೋದು ದೂರು. ಸರ್ಕಾರದ ಉತ್ತರ ಇವತ್ತಿನ ಯಾವುದೇ ಮೀಟಿಂಗಿನಲ್ಲೂ ಕೇಳಿಬರಬಹುದಾದ ಥರದ್ದು. ನ್ಯಾಯ ಹುಡುಗನ ಕಡೆಗಿದೆ ಅಂತ ಒಪ್ಪಿಕೊಂಡರು. ಆದರೆ ಒಬ್ಬನಿಗೋಸ್ಕರ ಉಳಿದವರ ಮೇಲೆ ಅವನ ಸಹವಾಸ ಹೇರಿದ್ರೆ ಶಾಲೆಯೇ ಖಾಲಿಯಾಗಬಹುದು, ಹಾಗಾಗಿ ಆಗಲ್ಲ ಅಂದರು. ಮರುವರ್ಷ ಜನವರಿಯಲ್ಲಿ ಕಲ್ಕತ್ತದಿಂದ ಗವರ್ನರ್ ಜನರಲ್ ಸರ್ಕಾರ, ಬಂಗಾಳದಲ್ಲಾಗಿದ್ರೆ ಇವನನ್ನು ಹೊರಗಿಡುತ್ತಿರಲಿಲ್ಲ ಅಂತ ಬಾಂಬೆಗೆ ಬರೆಯಿತು. ವಿಷಯ ಲಂಡನ್‌ವರೆಗೂ ಹೋಯ್ತು. 1858ರಲ್ಲಿ, ಕಂಪನಿ ಆಡಳಿತದ ಕೊನೆಯ ವರ್ಷ, ಸರ್ಕಾರದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಅನ್ನೋ ತತ್ವ ಬಿಡೋ ಹಾಗಿಲ್ಲ ಅಂತ ಕಂಪನಿಯ ನಿರ್ದೇಶಕರು ಬರೆದರು.

ಧಾರವಾಡದ ಒಂದು ಮಗುವಿನ ಅರ್ಜಿ ಮೂರು ಊರುಗಳ ಕಚೇರಿ ಸುತ್ತಿ ಬಂದು ಒಂದು ತತ್ವ ಆಯ್ತು. ತತ್ವಕ್ಕೂ ತರಗತಿಯ ಚಾಪೆಗೂ ನಡುವೆ ಇರೋ ದೂರ ಮಾತ್ರ ಹಾಗೇ ಉಳೀತು. 1882ರ ಹಂಟರ್ ಆಯೋಗ ಅದೇ ತತ್ವವನ್ನು ಮತ್ತೆ ಹೇಳಿ, ಜೊತೆಗೇ ಕೆಳಜಾತಿಯ ಮಕ್ಕಳಿಗೆ ಬೇರೆ ಶಾಲೆಗಳಿದ್ದರೂ ಒಳ್ಳೇದೇ ಅನ್ನೋ ದಾರಿಯನ್ನೂ ಇಟ್ಟಿತು.

ಬೇರೆ ಶಾಲೆ ಅಂದ ಕೂಡಲೇ ನಮಗೆ ಈಗ ಮೈ ಉರಿಯುತ್ತೆ. ಆದರೆ ಒಳಗೇ ಬಿಡದ ಕಾಲದಲ್ಲಿ ಅದು ಬಾಗಿಲೂ ಆಗಿತ್ತು. 1892ರಲ್ಲಿ ಮಂಗಳೂರಿನಲ್ಲಿ ವಕೀಲ ಕುದ್ಮುಲ್ ರಂಗರಾವ್ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಅವರದ್ದೇ ಸಾರಸ್ವತ ಸಮಾಜ ಅವರನ್ನು ದೂರ ಇಟ್ಟಿತು. ಇತ್ತ ನಮ್ಮ ಕಡೆ, ಅಂದ್ರೆ ಮೈಸೂರು ಸಂಸ್ಥಾನದಲ್ಲಿ, 1913ರಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡೋ ಕಾನೂನು ಬಂತು. 1918ರಲ್ಲಿ ನಾಲ್ವಡಿಯವರ ಸರ್ಕಾರ ಮಿಲ್ಲರ್ ಸಮಿತಿ ನೇಮಿಸಿ, ಹಿಂದುಳಿದವರು ಓದಿನಲ್ಲೂ ನೌಕರಿಯಲ್ಲೂ ಯಾಕೆ ಇಲ್ಲ ಅಂತ ಕೇಳಿತು. ಆಮೇಲೆ ಸಂವಿಧಾನ ಬಂತು, ಅಸ್ಪೃಶ್ಯತೆ ಅಪರಾಧವಾಯ್ತು. 2010ರ ಏಪ್ರಿಲ್ 1ರಿಂದ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕಾಯ್ತು.

ಇಷ್ಟು ಓದಿದ ಮೇಲೆ ನನ್ನ ಜಗಲಿಗೆ ವಾಪಸ್ ಬರಲೇಬೇಕು.

2003ರವರೆಗೆ ನಮ್ಮ ಶಾಲೆಯಲ್ಲಿ ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚುತ್ತಿದ್ದೆವು. ಡಬ್ಬಿಯಲ್ಲಿ ಏನಿದೆ ಅನ್ನೋದರ ಮೇಲೆ ಗುಂಪು ತಾನಾಗೇ ಆಗ್ತಿತ್ತು. ಮೀನು ತಂದವರು ಹಿತ್ತಲ ಕಡೆ, ಕಡುಬು-ಚಟ್ನಿ ತಂದವರು ಜಗಲಿ ಮೇಲೆ, ಏನೂ ತರದವರು ಬಾವಿ ಹತ್ತಿರ ಆಟ. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕು ಅಂತ ಆದೇಶ ಮಾಡಿತ್ತು. ಕರ್ನಾಟಕದ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಶುರುವಾಗಿ, ಮರುವರ್ಷ ನಮ್ಮ ಜಿಲ್ಲೆಗೂ ಬಂತು. ಒಂದೇ ಹಂಡೆ, ಒಂದೇ ಸಾರು.

ಮೊದಲ ದಿನ ನಾವೆಲ್ಲ ತಟ್ಟೆ ಹಿಡಿದು ಸಾಲಾಗಿ ಕೂತೆವು. ನನ್ನ ಪಕ್ಕ ಬಂದು ಕೂತವಳು ಅದೇ ಹುಡುಗಿ, ಬಕ್ಕೆನಾ ಅಂಬಲಿನಾ ಅಂತ ಕೇಳಿದವಳು. ಬೆಳಗ್ಗೆ ಮನೆಯಲ್ಲಿ ಅಜ್ಜಿ, 'ಯಾರ್ ಯಾರ ಪಕ್ಕ ಕೂತು ಉಣ್ಬೇಡ' ಅಂದಿದ್ದರು. ನಾನು ತಟ್ಟೆ ಎತ್ಕೊಂಡು ನಾಲ್ಕು ಜನರಾಚೆ ಹೋಗಿ ಕೂತೆ. ಅಷ್ಟೇ. ಯಾರೂ ಬೈಯಲಿಲ್ಲ, ಯಾರೂ ನೋಡಲೂ ಇಲ್ಲ. ಅವಳು ನೋಡಿದಳು. ಮಳೆಗಾಲ ಮುಗಿಯೋ ಹೊತ್ತಿಗೆ ಅವಳು ಶಾಲೆ ಬಿಟ್ಟಿದ್ದಳು. ಮನೆಯಲ್ಲಿ ತಮ್ಮನನ್ನು ನೋಡ್ಕೊಳ್ಳೋಕೆ, ಅಡಿಕೆ ಸುಲಿಯೋಕೆ, ಕಾರಣ ನೂರಿರಬಹುದು. ಆ ನೂರರಲ್ಲಿ ನನ್ನದೂ ಒಂದಿತ್ತಾ ಅನ್ನೋ ಪ್ರಶ್ನೆಗೆ 'ನೆನಪಿಲ್ಲ' ಅಂತ ಒತ್ತೋಕೆ ಬರಲ್ಲ.

ಮೇಷ್ಟ್ರ ಹಲಸಿನ ಪಾಠ ಅಷ್ಟು ಚೆನ್ನಾಗಿದ್ದರೂ ಹೀಗ್ಯಾಕಾಯ್ತು? ನನಗೀಗ ಅನಿಸೋದು ಇದು. ಬೋರ್ಡಿನ ಮೇಲೆ ಆರು ಪದ ಒಟ್ಟಿಗೆ ಕೂರೋದು ಸುಲಭ. ನನಗೂ ಅದರಿಂದ ಖುಷಿಯೇ ಆಗಿತ್ತು, ಯಾಕಂದ್ರೆ ನಾನು ಏನನ್ನೂ ಬಿಟ್ಟುಕೊಡಬೇಕಾಗಿರಲಿಲ್ಲ. ಊಟದ ಸಾಲು ಹಾಗಲ್ಲ, ಅಲ್ಲಿ ಮನೆಯ ಮಾತನ್ನು ಮೀರಬೇಕಿತ್ತು. ನಮ್ಮ ಶಾಲೆಗಳು ವೈವಿಧ್ಯವನ್ನು ಆಗಸ್ಟ್ ಹದಿನೈದರ ವೇಷದಲ್ಲಿ ಚೆನ್ನಾಗಿ ಕಲಿಸ್ತವೆ. ಒಬ್ಬ ಪೇಟ, ಒಬ್ಬ ಟೋಪಿ, ಒಬ್ಬಳು ಬಿಳಿ ಸೀರೆ, ಒಂದು ಫೋಟೊ. ಮಧ್ಯಾಹ್ನ ಒಂದೂವರೆಗೆ ಯಾರ ಪಕ್ಕ ಯಾರು ಕೂರ್ತಾರೆ ಅನ್ನೋದನ್ನೂ ಕಲಿಸಬೇಕು ಅಂತ ಮಾತ್ರ ಯಾರಿಗೂ ಹೊಳೆಯಲ್ಲ. ಅದು ಕೋರ್ಟಿಗೆ ಹೊಳೆದಿತ್ತು. 2004ರ ಏಪ್ರಿಲ್‌ನಲ್ಲಿ, ಬಿಸಿಯೂಟದ ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಿ ಅಂತ ಅದು ಹೇಳಿತು.

ಭಾಷೆಯ ಸಾಲಿನಲ್ಲೂ ಇದೇ ಕಥೆ. 1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾದಾಗ, ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಸುವ ವ್ಯವಸ್ಥೆ ಬೇಕು ಅಂತ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಅದೇ ವರ್ಷ ಕಾಸರಗೋಡು ಕೇರಳಕ್ಕೆ ಹೋಯ್ತು. ಕೇರಳ 2017ರಲ್ಲಿ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಮಾಡಿದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು, ನಾವೂ ಇಲ್ಲಿಂದ ಸ್ಟೇಟಸ್ ಹಾಕಿದೆವು. ನಮ್ಮಲ್ಲಿ ಕನ್ನಡ ಕಲಿಕೆ ಕಡ್ಡಾಯ ಮಾಡುವ ಕಾನೂನು 2015ರದ್ದು. ಕನ್ನಡ ಕಲಿಯಲೇಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಕಾಸರಗೋಡಿನ ಕನ್ನಡದ ಮಗು ಮತ್ತು ಎನ್.ಆರ್.ಪುರದ 'ಚಕ್ಕ' ಹುಡುಗ ಒಂದೇ ಬೆಂಚಿನವರು. ಒಬ್ಬನಿಗಾಗಿ ಮರುಗಿ ಇನ್ನೊಬ್ಬನಿಗೆ ನಕ್ಕರೆ ಹೇಗೆ?

ಕಳೆದ ವಾರ ಊರಿಗೆ ಹೋಗಿದ್ದೆ. ದೊಡ್ಡಮ್ಮನ ಮಗಳು, ಅಕ್ಕ, ನಮ್ಮ ಕಡೆಯ ಒಂದು ಸಣ್ಣ ಶಾಲೆಯಲ್ಲಿ ಟೀಚರು. ಅವಳ ನಲಿ ಕಲಿ ಕೋಣೆಗೆ ಹೋಗಿ ಕೂತೆ. ನಲಿ ಕಲಿ 1995ರಲ್ಲಿ ಹೆಗ್ಗಡದೇವನ ಕೋಟೆಯಲ್ಲಿ ಶುರುವಾಗಿದ್ದು, 2009-10ರಿಂದ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಬೆರೆತು ನೆಲದ ಮೇಲೆ ಸುತ್ತ ಕೂರ್ತಾರೆ. ತಲೆ ಮೇಲೆ ದಾರದ ಚಪ್ಪರ, ಅದಕ್ಕೆ ಅವರೇ ಬರೆದ ಚಿತ್ರಗಳು. ಗೋಡೆಗೆ ಕಲಿಕಾ ಏಣಿ. ಯಾವ ಮಗು ಯಾವ ಮೆಟ್ಟಿಲಲ್ಲಿದೆಯೋ ಆ ಕಾರ್ಡು ತಗೊಂಡು ಆ ಗುಂಪಿಗೆ ಹೋಗುತ್ತೆ. ಐದು ಗುಂಪಿನಲ್ಲಿ ಎರಡು ಗೆಳೆಯರ ಸಹಾಯದಿಂದಲೇ ಕಲಿಯುವಂಥವು. ಅಂದ್ರೆ ಪಕ್ಕದಲ್ಲಿ ಯಾರಿದ್ದಾರೆ ಅನ್ನೋದನ್ನ ಅಜ್ಜಿ ತೀರ್ಮಾನ ಮಾಡಲ್ಲ, ಕಾರ್ಡು ಮಾಡುತ್ತೆ. ನನ್ನ ಕಾಲದಲ್ಲಿ ಇದ್ದಿದ್ರೆ ಅನ್ನಿಸ್ತು.

ಮಕ್ಕಳಲ್ಲಿ ಇಬ್ಬರು ಅಸ್ಸಾಮಿನವರು, ಅಪ್ಪ ಅಮ್ಮ ಎಸ್ಟೇಟಲ್ಲಿ ಕೆಲಸಕ್ಕೆ ಬಂದಿದ್ದಾರೆ. 'ಇವರಿಗೆ ಕನ್ನಡ ಹೆಂಗೆ ಕಲಿಸ್ತೀಯಕ್ಕ?' ಅಂದೆ.

'ನಾನೆಲ್ಲಿ ಕಲಿಸ್ತೀನಿ ಮಾರಾಯ, ಮಕ್ಕಳೇ ಕಲಿಸ್ತಾವೆ. ಕಷ್ಟ ಅದಲ್ಲ. ಶುಂಠಿ ಕೆಲಸ ಮುಗಿದ ತಕ್ಷಣ ಅಪ್ಪ ಅಮ್ಮ ಬೇರೆ ಊರಿಗೆ ಹೊರಡ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತೆ, ಮಗು ಇರಲ್ಲ.'

ಹಲಸಿನ ಹಣ್ಣಿಗೆ ಏನಂತೀರಿ ಅಂತ ಕೇಳಿದೆ. 'ಕೊಠಾಲ್' ಅಂತ ಅದರಲ್ಲಿ ದೊಡ್ಡವನು ಹೇಳಿದ, ಮೂರು ಮಕ್ಕಳು ಅದನ್ನೇ ಕೂಗಿದವು, ನಗಲಿಲ್ಲ.

ಊಟದ ಗಂಟೆ ಆಯ್ತು. ಅಡುಗೆ ಮನೆಯಿಂದ ಹಂಡೆ ಹೊತ್ತು ತಂದವಳನ್ನು ನೋಡಿ ಎರಡು ನಿಮಿಷ ಗುರುತು ಸಿಗಲಿಲ್ಲ. ಅವಳಿಗೆ ಸಿಕ್ಕಿತ್ತು.

'ಬೆಂಗಳೂರಿಂದ ಯಾವಾಗ ಬಂದ್ರಿ? ಊಟ ಮಾಡ್ಕಂಡು ಹೋಗಿ' ಅಂದಳು.

ಒಂದೇ ಚಾಪೆ ಮೇಲೆ ಕೂತು ಕಾಗುಣಿತ ಬರೆದವಳು ನನಗೆ 'ನೀವು' ಅಂದಿದ್ದಳು. ನಾನು, 'ಎಂಥ ನೀವು, ನಾವು ಒಂದೇ ಕ್ಲಾಸಲ್ಲ್ವಾ, ನೀನು ಅನ್ನು' ಅಂದೆ. ಅವಳು ನಕ್ಕಳು. ಸಾರಿನ ಸೌಟು ಹಿಡಿದು, 'ಇನ್ನೊಂಚೂರು ಹಾಕ್ಲಾ ನಿಮಗೆ?' ಅಂತ ಕೇಳಿದಳು.

ತಟ್ಟೆ ಮುಂದೆ ಹಿಡಿದೆ. ಕೂತಲ್ಲಿಂದ ಏಳದೆ ಊಟ ಮುಗಿಸಿದೆ. ಮೂರನೇ ಕ್ಲಾಸಿನಲ್ಲಿ ಅವಳ ಮಗಳಿದ್ದಾಳೆ ಅಂತ ಅಕ್ಕ ಆಮೇಲೆ ಹೇಳಿದಳು. ಬಾಗಿಲ ಹತ್ತಿರ ಕೂತಿದ್ದಾಳಾ ಅಂತ ತಿರುಗಿ ನೋಡಿದೆ. ಇರಲಿಲ್ಲ. ಮಧ್ಯದ ಗುಂಪಿನಲ್ಲಿ ಕೂತು ಆ ಅಸ್ಸಾಮಿನ ಹುಡುಗನಿಗೆ ತಟ್ಟೆ ಹೇಗೆ ತೊಳೆದಿಡಬೇಕು ಅಂತ ಜೋರು ಮಾಡ್ತಾ ಇದ್ದಳು.